ನಗಿಸುವ ಸಿನಿಮಾದ ಮೇಲೆ ಯಾಕಿಷ್ಟು ಸಿಟ್ಟು?

ತುಳು ಸಿನಿಮಾ ಎಂದರೆ ಬರೀ ಕಾಮಿಡಿ ಎಂಬ ದೂರು ಪುತ್ತೂರು, ಸುಳ್ಯ, ಕಡಬದ ಕಡೆ ಹೊಸತಲ್ಲ. 2011ರಲ್ಲಿ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕ 'ಒರಿಯರ್ದೊರಿ ಅಸಲ್' ಸಿನಿಮಾ ಆಗಿ ಗೆದ್ದ ಮೇಲೆ ಅದು ಜೋರಾಯಿತು. ದೂರುವವರ ಬಾಯಲ್ಲಿ 'ಗಗ್ಗರ', 'ಮದಿಪು', 'ಪಡ್ಡಾಯಿ' ಸದಾ ಸಿದ್ಧ. ಮೂರೂ ರಾಷ್ಟ್ರಪ್ರಶಸ್ತಿ ಪಡೆದವು, ಸಂತೋಷ. ಮ್ಯಾಕ್‌ಬೆತ್‌ನನ್ನು 'ಪಡ್ಡಾಯಿ'ಯಲ್ಲಿ ಮೀನುಗಾರರ ನಡುವೆ ತಂದು ನಿಲ್ಲಿಸಿದ ಅಭಯ ಸಿಂಹರ ಧೈರ್ಯ ನನಗೂ ಇಷ್ಟ. ಆದರೆ 'ಪಡ್ಡಾಯಿ'ಯನ್ನು ಮೆಚ್ಚಬೇಕಾದರೆ 'ಚಾಲಿಪೋಲಿಲು' ನೋಡಿ ನಕ್ಕವರನ್ನು ಬೈಯಲೇಬೇಕೆ?

ಈ ಸೀಮೆಗೆ ಗಂಭೀರವಾದದ್ದು ಅರ್ಥವಾಗದೆ ಏನಿಲ್ಲ. 'ಚೋಮನ ದುಡಿ' ಬರೆದ ಶಿವರಾಮ ಕಾರಂತರು ಪುತ್ತೂರಿನಲ್ಲೇ ಬಾಳಿದವರು; ಮೂಕಿ ಕಾಲದಲ್ಲೇ 'ಡೊಮಿಂಗೊ' ಎಂಬ ಚಿತ್ರ ಮಾಡಿ ಕೈಸುಟ್ಟುಕೊಳ್ಳಲೂ ಹಿಂಜರಿಯದವರು. ಅದೇ ಸೀಮೆ ಇರುಳಿಡೀ ಯಕ್ಷಗಾನದ ಆಟ ನೋಡುತ್ತಾ ಹಾಸ್ಯಗಾರನಿಗಾಗಿ ಕಾದು ಕೂತದ್ದೂ ನಿಜ. ಕಿರೀಟ ಹೊತ್ತವನಿಗೆ ಮನೆಮಾತಿನಲ್ಲಿ ಎದುರುತ್ತರ ಕೊಡುವ ಸಲಿಗೆ ರಂಗದಲ್ಲಿ ಅವನೊಬ್ಬನಿಗೇ. ಹಾಸ್ಯಗಾರ ಪೆರುವೋಡಿ ನಾರಾಯಣ ಭಟ್ಟರು ಹೆಸರಾದದ್ದು ಪಾಪಣ್ಣನ ವೇಷದಿಂದ. ಶಾಪದಿಂದ ಕುರೂಪಿಯಾದವನು ಪಾಪಣ್ಣ. ಅವನ ರೂಪಕ್ಕೆ ನಕ್ಕ ಸಭೆಯೇ ಅವನಿಗಾಗಿ ಮರುಗಬೇಕು. ಆ ವೇಷದ ಕಷ್ಟ ಅದು. ಅಳಿಸುವ ಪಾತ್ರಕ್ಕೆ ಇಷ್ಟು ಕಸುಬು ಬೇಕೇ ಎಂದು ನನಗೆ ಅನುಮಾನ.

ಹಾಗೆಂದು ನಗಿಸಿದ್ದೆಲ್ಲ ಒಳ್ಳೆಯ ಸಿನಿಮಾ ಆಗುವುದಿಲ್ಲ. ತೊದಲುವವನು, ಕಪ್ಪಗಿರುವವಳು, ಸೀರೆಯುಟ್ಟ ಗಂಡಸು — ಇವರನ್ನು ತೋರಿಸಿ ನಗು ಗಿಟ್ಟಿಸುವ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದು ಹಾಸ್ಯದ ದೋಷವಲ್ಲ, ಬರೆಯುವವರ ಸೋಮಾರಿತನ.

2025ರ ಕನ್ನಡ ಚಿತ್ರ 'ಸು ಫ್ರಮ್ ಸೋ' ನೋಡಿ. ಜೆ.ಪಿ. ತುಮಿನಾಡು ನಿರ್ದೇಶನ; ನಮ್ಮ ಪಾಣಾಜೆಯ ದೀಪಕ್ ರೈ ಸೇರಿ ತೆರೆಯ ತುಂಬ ತುಳು ರಂಗಭೂಮಿಯ ಮುಖಗಳು. ಮಾನ ಉಳಿಸಿಕೊಳ್ಳಲು ಒಬ್ಬ ಮೈಮೇಲೆ ಸುಲೋಚನೆ ಎಂಬಾಕೆಯ ಪ್ರೇತ ಬಂದಂತೆ ನಟಿಸುತ್ತಾನೆ, ಊರಿಗೂರೇ ನಂಬುತ್ತದೆ. ನಗು ಬೀಳುವುದು ಊರಿನ ಭಯದ ಮೇಲೆ, ಗಂಡಸರ ಪೌರುಷದ ಮೇಲೆ. ನಗುತ್ತ ನಗುತ್ತಲೇ ಕತೆ ಆ ಸುಲೋಚನೆಯ ಮಗಳ ಸಂಕಟಕ್ಕೆ ಬಂದು ಮುಟ್ಟುತ್ತದೆ. ಇದನ್ನೇ ಮುಖ ಗಂಟಿಕ್ಕಿ ಹೇಳಿದ್ದರೆ ಎಷ್ಟು ಗಂಡಸರು ಕೂತು ಕೇಳುತ್ತಿದ್ದರು? ಕಾಸರಗೋಡಿನ ಕನ್ನಡ ಶಾಲೆಯ ಗೋಳನ್ನು ಕರ್ನಾಟಕಕ್ಕೆಲ್ಲ ಮುಟ್ಟಿಸಿದ್ದೂ ರಿಷಬ್ ಶೆಟ್ಟಿಯವರ ನಗೆಚಿತ್ರವೇ, ಯಾವ ಮನವಿಪತ್ರವೂ ಅಲ್ಲ.

ಜನರಿಗೆ ಅಭಿರುಚಿಯಿಲ್ಲ ಎನ್ನುವವರು ಮೊದಲು ತಮ್ಮ ಮೆಚ್ಚಿನ ಪ್ರಶಸ್ತಿ ಚಿತ್ರವನ್ನು ಕಡಬದ ಯಾವುದಾದರೂ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಪರದೆ ಕಟ್ಟಿ ತೋರಿಸಲಿ. ನಾಟಕ ತಂಡದವರು ಊರೂರು ಸುತ್ತಿ, ನಿದ್ದೆಗೆಟ್ಟೇ ಈ ಪ್ರೇಕ್ಷಕರನ್ನು ಸಂಪಾದಿಸಿದ್ದು.