ಮುಟ್ಟು ನಿಂತ ಮೇಲೆ ಹಾರ್ಮೋನು: ಯಾರಿಗೆ, ಯಾವಾಗ, ಎಷ್ಟು ಕಾಲ

ಮುಟ್ಟು ನಿಂತು ಹನ್ನೆರಡು ತಿಂಗಳು ತುಂಬಿದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದ ಹೆಂಗಸರಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ ಬರುತ್ತದೆ, ಯುರೋಪು ಮತ್ತು ಅಮೆರಿಕಗಳಲ್ಲಿ 51ರ ಸುಮಾರಿಗೆ. ಅಂಡಾಶಯಗಳು ಈಸ್ಟ್ರೋಜನ್ ಸ್ರವಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ. ಈ ಹಾರ್ಮೋನು ಗರ್ಭಕೋಶಕ್ಕಷ್ಟೇ ಬೇಕಾದದ್ದಲ್ಲ. ಮೂಳೆ, ರಕ್ತನಾಳ, ಮೂತ್ರಕೋಶ, ಚರ್ಮ, ಮಿದುಳು ಎಲ್ಲವೂ ಮೂವತ್ತು ವರ್ಷ ಅದರ ಜೊತೆ ಬಾಳಿರುತ್ತವೆ. ಹಾಗಾಗಿ ಅದು ಹೋದಾಗ ಎಲ್ಲ ಕಡೆಯೂ ಗೊತ್ತಾಗುತ್ತದೆ.

ಮೊದಲು ಗೊತ್ತಾಗುವುದು ಮೈಯ ಝಳ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಮೈಶಾಖವನ್ನು ಕಾಯುತ್ತಿರುತ್ತದೆ. ಈಸ್ಟ್ರೋಜನ್ ಇಳಿದಾಗ ಅದರ ತಾಳಿಕೆ ಕುಗ್ಗಿ, ತೀರಾ ಸಣ್ಣ ಏರಿಕೆಯನ್ನೂ ಅತಿಯಾದ ಬಿಸಿಯೆಂದು ಎಣಿಸಿ ಚರ್ಮದ ರಕ್ತನಾಳಗಳನ್ನು ತೆರೆದುಬಿಡುತ್ತದೆ. ಮಾಗಿಯ ರಾತ್ರಿ ಎರಡು ಗಂಟೆಗೆ ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿರುವಾಗ ಆಕೆಯೊಬ್ಬಳು ಎದ್ದು ಕೂರುತ್ತಾಳೆ. ಎದೆಯಲ್ಲಿ ಎದ್ದ ಝಳ ಕತ್ತು, ಮುಖ, ಕಿವಿಯ ಬುಡಕ್ಕೆ ಏರುತ್ತದೆ, ರವಿಕೆಯ ಬೆನ್ನು ತೊಯ್ದುಹೋಗುತ್ತದೆ. ಫ್ಯಾನು ಹಾಕಿದರೆ ಪಕ್ಕದವರಿಗೆ ಚಳಿ. ಕೆಲವೇ ನಿಮಿಷಗಳಲ್ಲಿ ಝಳ ಇಳಿದು, ಬೆವರು ತಣ್ಣಗಾಗಿ, ಆಕೆಗೇ ನಡುಕ ಹತ್ತುತ್ತದೆ. ಒಂದೇ ರಾತ್ರಿಯಲ್ಲಿ ಇದು ನಾಲ್ಕೈದು ಸಲ ಆಗಬಹುದು, ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುವುದು ಮಾತ್ರ ತಪ್ಪುವುದಿಲ್ಲ. ಅಮೆರಿಕದ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸ್ವಾನ್ ಅಧ್ಯಯನದಲ್ಲಿ ಪದೇ ಪದೇ ಝಳ ಬರುತ್ತಿದ್ದವರನ್ನು ಅದು ಕಾಡಿದ ಅವಧಿಯ ಮಧ್ಯಮ ಲೆಕ್ಕ 7.4 ವರ್ಷ. ‘ಎಲ್ಲರಿಗೂ ಬರುವುದೇ, ಸ್ವಲ್ಪ ದಿನ ತಡಕೋ’ ಎಂಬ ಮಾತಿನಲ್ಲಿ ಆ ‘ಸ್ವಲ್ಪ ದಿನ’ ಇಷ್ಟು ಉದ್ದದ್ದು.

ಕಾಣದೆ ನಡೆಯುವ ಬದಲಾವಣೆ ಮೂಳೆಯದು. ಋತುಬಂಧದ ನಂತರದ ಮೊದಲ ಐದಾರು ವರ್ಷಗಳಲ್ಲಿ ಮೂಳೆ ಬಹಳ ವೇಗವಾಗಿ ಸವೆಯುತ್ತದೆ. ನೋವಿಲ್ಲದ ಕಾರಣ, ಎಪ್ಪತ್ತರ ಹೊತ್ತಿಗೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯುವವರೆಗೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಯೋನಿಯ ಒಣಗುವಿಕೆ, ಉರಿ, ಸಂಭೋಗದಲ್ಲಿ ನೋವು, ಮತ್ತೆ ಮತ್ತೆ ಬರುವ ಮೂತ್ರದ ಸೋಂಕು ಇವೂ ಇದೇ ಕಾರಣದವು. ಝಳ ಎಂದೋ ಒಂದು ದಿನ ನಿಲ್ಲುತ್ತದೆ, ಇವು ತಾವಾಗಿ ನಿಲ್ಲುವುದಿಲ್ಲ, ವಯಸ್ಸಾದಂತೆ ಹೆಚ್ಚುತ್ತವೆ.

ಕಳೆದುಹೋದ ಈಸ್ಟ್ರೋಜನ್ನನ್ನು ಹೊರಗಿನಿಂದ ಕೊಡುವುದೇ ಹಾರ್ಮೋನು ಚಿಕಿತ್ಸೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ. ಅದು ಗರ್ಭಕೋಶದ ಒಳಪೊರೆಯನ್ನು ಬೆಳೆಸುತ್ತಲೇ ಹೋಗುತ್ತದೆ, ತಡೆಯುವುದಕ್ಕೆ ಪ್ರೊಜೆಸ್ಟರಾನ್ ಬೇಕು. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಈ ಎರಡು ಬಗೆಗಳ ಲಾಭವೂ ಅಪಾಯವೂ ಬೇರೆ ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಅಮೆರಿಕದಲ್ಲಿ ಪ್ರೆಮರಿನ್ ಎಂಬ ಮಾತ್ರೆ 1942ರಲ್ಲಿ ಮಾರುಕಟ್ಟೆಗೆ ಬಂತು. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್‌ಗಳ ಮಿಶ್ರಣ ಅದು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ‘ಫೆಮಿನಿನ್ ಫಾರೆವರ್’ ಎಂಬ ಪುಸ್ತಕ ಬರೆದು, ಋತುಬಂಧ ಒಂದು ಕೊರತೆಯ ರೋಗ, ಮಾತ್ರೆ ನುಂಗಿದರೆ ಹೆಣ್ಣು ಎಂದೆಂದಿಗೂ ಹೆಣ್ಣಾಗಿರುತ್ತಾಳೆ ಎಂದು ಪ್ರಚಾರ ಮಾಡಿದ. ಮಾತ್ರೆ ವಿಪರೀತ ಮಾರಾಟವಾಯಿತು. 1975ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಎರಡು ಅಧ್ಯಯನಗಳು ಬರಿಯ ಈಸ್ಟ್ರೋಜನ್ ಸೇವಿಸಿದವರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ತೋರಿಸಿದವು. ಪ್ರೊಜೆಸ್ಟರಾನ್ ಜೊತೆಗೂಡಿದ್ದು ಆಮೇಲೆ. ಮುಂದೆ ಅಮೆರಿಕದ ನರ್ಸುಗಳ ದೊಡ್ಡ ಅಧ್ಯಯನದಲ್ಲಿ ಹಾರ್ಮೋನು ತೆಗೆದುಕೊಳ್ಳುವವರಿಗೆ ಹೃದ್ರೋಗ ಕಡಿಮೆ ಎಂದು ಕಂಡಿತು. ಆದರೆ ಹಾರ್ಮೋನು ಕೇಳಿ ಪಡೆಯುವವರು ಮೊದಲೇ ಹೆಚ್ಚು ಆರೋಗ್ಯವಂತರಾಗಿರುವ ಸಾಧ್ಯತೆ ಇತ್ತು. ಅದನ್ನು ಸರಿಯಾಗಿ ಪರೀಕ್ಷಿಸುವ ಮೊದಲೇ, ವೈದ್ಯರು ಝಳವಿಲ್ಲದ ಅರವತ್ತು ದಾಟಿದ ಹೆಂಗಸರಿಗೂ ಹೃದಯ ಕಾಯುವುದಕ್ಕೆಂದು ಇದನ್ನು ಬರೆಯತೊಡಗಿದರು.

ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದು ಅಮೆರಿಕ ಸರ್ಕಾರದ ಹಣದಿಂದ 1990ರ ದಶಕದಲ್ಲಿ ಶುರುವಾದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’. 50ರಿಂದ 79 ವರ್ಷದ 27,347 ಹೆಂಗಸರಲ್ಲಿ ಕೆಲವರಿಗೆ ಹಾರ್ಮೋನು, ಉಳಿದವರಿಗೆ ನೋಡಲು ಹಾಗೆಯೇ ಇರುವ ಖಾಲಿ ಮಾತ್ರೆ. ಗರ್ಭಕೋಶ ಇದ್ದ 16,608 ಮಂದಿಯ ಮೇಲಿನ ಪ್ರಯೋಗವನ್ನು 2002ರ ಜುಲೈನಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇಕಡಾ 26 ಹೆಚ್ಚು, ಹೃದಯಾಘಾತ ಶೇಕಡಾ 29 ಹೆಚ್ಚು, ಪಾರ್ಶ್ವವಾಯು ಶೇಕಡಾ 41 ಹೆಚ್ಚು ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಹೆಂಗಸರು ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದರು, ವೈದ್ಯರು ಬರೆಯುವುದನ್ನೇ ಬಿಟ್ಟರು.

ಆ ಶೇಕಡಾವಾರುಗಳನ್ನು ಬಿಡಿಸಿ ನೋಡಬೇಕು. 10,000 ಹೆಂಗಸರು ಒಂದು ವರ್ಷ ಖಾಲಿ ಮಾತ್ರೆ ನುಂಗಿದರೆ 30 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತಿತ್ತು, ಹಾರ್ಮೋನು ನುಂಗಿದರೆ 38 ಮಂದಿಗೆ. ಶೇಕಡಾ 26 ಎಂದರೆ ಈ ಎಂಟು ಮಂದಿ. ಪಾರ್ಶ್ವವಾಯು 21ರಿಂದ 29ಕ್ಕೆ ಏರಿತು, ಹೃದಯದ ತೊಂದರೆ 30ರಿಂದ 37ಕ್ಕೆ, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿ ಸಿಕ್ಕಿಕೊಳ್ಳುವುದು 8ರಿಂದ 16ಕ್ಕೆ. ಇನ್ನೊಂದು ಕಡೆ ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ ಇಳಿಯಿತು, ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ. ಎಂಟು ಮಂದಿ ಎಂದರೆ ಕಡೆಗಣಿಸುವ ಮಾತಲ್ಲ, ಆ ಎಂಟು ಮನೆಗಳಿಗೆ ಅದು ಪೂರ್ತಿ ನೂರೇ. ಆದರೆ ನಿರ್ಧಾರ ತೆಗೆದುಕೊಳ್ಳಬೇಕಾದ ಹೆಂಗಸಿಗೆ ಸಿಗಬೇಕಾದ ಲೆಕ್ಕ ಇದು. ಆಕೆಯ ಕಿವಿಗೆ ಬಿದ್ದದ್ದು ಶೇಕಡಾ ಮಾತ್ರ.

ಅದಕ್ಕಿಂತ ದೊಡ್ಡ ಎಡವಟ್ಟು ವಯಸ್ಸಿನದು. ಆ ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಮೂರರಲ್ಲಿ ಎರಡು ಪಾಲು ಹೆಂಗಸರು ಅರವತ್ತು ದಾಟಿದವರು, ಬಹಳ ಮಂದಿಗೆ ಮುಟ್ಟು ನಿಂತು ಹತ್ತು ವರ್ಷ ಮೀರಿತ್ತು. ಝಳದಿಂದ ನಿದ್ದೆಗೆಟ್ಟ ನಲವತ್ತೆಂಟರ ಹೆಂಗಸಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಿದ್ದು ತಪ್ಪು. 2007ರಲ್ಲಿ ಅದೇ ಅಂಕಿಅಂಶಗಳನ್ನು ಋತುಬಂಧವಾಗಿ ಎಷ್ಟು ವರ್ಷವಾಯಿತೆಂಬುದರ ಪ್ರಕಾರ ವಿಂಗಡಿಸಿದಾಗ, ಹತ್ತು ವರ್ಷದೊಳಗೆ ಶುರುಮಾಡಿದವರಲ್ಲಿ ಹೃದಯದ ಅಪಾಯ ಹೆಚ್ಚಿದ ಗುರುತು ಕಾಣಲಿಲ್ಲ, ಇಪ್ಪತ್ತು ವರ್ಷದ ನಂತರ ಶುರುಮಾಡಿದವರಲ್ಲಿ ಕಂಡಿತು. ಇದಕ್ಕೆ ಕೊಡುವ ವಿವರಣೆ ಒಪ್ಪುವಂಥದ್ದು. ಇನ್ನೂ ಶುಚಿಯಾಗಿರುವ ರಕ್ತನಾಳವನ್ನು ಈಸ್ಟ್ರೋಜನ್ ಮೃದುವಾಗಿಡುತ್ತದೆ, ಕೊಬ್ಬು ಕಟ್ಟಿ ಗಡುಸಾದ ನಾಳದಲ್ಲಿ ಅದೇ ಹಾರ್ಮೋನು ಆ ಜಿಡ್ಡಿನ ಪದರ ಬಿರಿಯುವುದಕ್ಕೆ, ಗಡ್ಡೆ ಕಟ್ಟುವುದಕ್ಕೆ ಕಾರಣವಾಗಬಹುದು. ಮಿದುಳಿನದೂ ಹೀಗೆಯೇ. 65 ದಾಟಿದ ಮೇಲೆ ಜೋಡಿ ಹಾರ್ಮೋನು ಶುರುಮಾಡಿದವರಲ್ಲಿ ಮರೆಗುಳಿ ರೋಗ ದುಪ್ಪಟ್ಟಾಯಿತು. 2017ರಲ್ಲಿ ಆ ಎಲ್ಲ ಹೆಂಗಸರ 18 ವರ್ಷಗಳ ಲೆಕ್ಕ ತೆಗೆದಾಗ ಎರಡೂ ಗುಂಪುಗಳ ಸಾವಿನ ಪ್ರಮಾಣ ಹೆಚ್ಚುಕಡಿಮೆ ಸಮವಿತ್ತು: ಹಾರ್ಮೋನು ಪಡೆದವರಲ್ಲಿ ಶೇಕಡಾ 27.1, ಪಡೆಯದವರಲ್ಲಿ 27.6.

ಈಗ ಹೆಚ್ಚಿನ ತಜ್ಞ ಸಂಸ್ಥೆಗಳ ನಿಲುವು ಒಂದು ಕಡೆ ಬಂದು ನಿಂತಿದೆ. ತೊಂದರೆ ಕೊಡುವ ಝಳ ಇದ್ದು, ವಯಸ್ಸು 60ರ ಒಳಗಿದ್ದು ಅಥವಾ ಮುಟ್ಟು ನಿಂತು ಹತ್ತು ವರ್ಷವಾಗಿರದಿದ್ದರೆ, ಬೇರೆ ಅಡ್ಡಿಗಳಿಲ್ಲದವರಿಗೆ ಲಾಭ ಅಪಾಯಕ್ಕಿಂತ ಹೆಚ್ಚು. ಝಳವನ್ನು ಇದರಷ್ಟು ಚೆನ್ನಾಗಿ ಇಳಿಸುವ ಔಷಧಿ ಬೇರೆ ಇಲ್ಲ, ಅದರ ಸಂಖ್ಯೆ ಸುಮಾರು ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ತೊಂದರೆಯೇ ಇಲ್ಲದವರು ಮುಂದೆಂದೋ ಬರಬಹುದಾದ ರೋಗ ತಡೆಯಲೆಂದು ತೆಗೆದುಕೊಳ್ಳಬಾರದು ಎಂಬ ಮಾತನ್ನು ಅಮೆರಿಕದ ರೋಗತಡೆ ಸಮಿತಿ 2022ರಲ್ಲಿ ಮತ್ತೆ ಹೇಳಿತು.

ಮದ್ದು ಮೈಗೆ ಸೇರುವ ದಾರಿಯೂ ಮುಖ್ಯ. ಮಾತ್ರೆಯಾಗಿ ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಗಡ್ಡೆಯ ಭಯ ಇರುವುದು ಇಲ್ಲಿ. ಸೊಂಟದ ಕೆಳಗೆ ಅಂಟಿಸಿಕೊಳ್ಳುವ, ವಾರಕ್ಕೆ ಒಂದೆರಡು ಸಲ ಬದಲಿಸುವ ಸಣ್ಣ ಪ್ಯಾಚು, ಅಥವಾ ತೋಳಿಗೆ ಸವರಿಕೊಳ್ಳುವ ಜೆಲ್ಲು ಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಇವು ಗಡ್ಡೆಯ ಅಪಾಯವನ್ನು ಹೆಚ್ಚಿಸಿದಂತೆ ಕಂಡಿಲ್ಲ. ಅತಿತೂಕ, ಬಿ.ಪಿ., ಸಕ್ಕರೆ ಕಾಯಿಲೆ ಇರುವವರಿಗೆ ಮೊದಲು ಯೋಚಿಸಬೇಕಾದದ್ದು ಇವನ್ನು. ಭಾರತೀಯರಲ್ಲಿ ಸಕ್ಕರೆ ಕಾಯಿಲೆಯೂ ಹೃದ್ರೋಗವೂ ಬೇಗ ಬರುವುದರಿಂದ, ವಯಸ್ಸು ಐವತ್ತೇ ಆಗಿದ್ದರೂ ರಕ್ತನಾಳ ಶುಚಿಯಾಗಿದೆ ಎಂದು ಇಲ್ಲಿ ಸುಮ್ಮನೆ ನಂಬುವಂತಿಲ್ಲ.

ಸ್ತನ ಕ್ಯಾನ್ಸರಿನ ಭಯ ಸುಳ್ಳಲ್ಲ, ಅದನ್ನು ಮರೆಮಾಚುವುದು ಹೆಂಗಸರಿಗೆ ಮಾಡುವ ದ್ರೋಹ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ 58 ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟ ಲೆಕ್ಕ ಹೀಗಿದೆ. ಪಾಶ್ಚಾತ್ಯ ದೇಶಗಳಲ್ಲಿ ಹಾರ್ಮೋನು ಮುಟ್ಟದ 100 ಹೆಂಗಸರಲ್ಲಿ 50ರಿಂದ 69ರ ನಡುವೆ ಸುಮಾರು 6.3 ಮಂದಿಗೆ ಈ ಕ್ಯಾನ್ಸರ್ ಬರುತ್ತದೆ. ಐವತ್ತಕ್ಕೆ ಶುರುಮಾಡಿ ಐದು ವರ್ಷ ದಿನವೂ ಜೋಡಿ ಹಾರ್ಮೋನು ತೆಗೆದುಕೊಂಡವರಲ್ಲಿ 8.3. ಎಂದರೆ ಐವತ್ತು ಮಂದಿಗೆ ಒಬ್ಬರು ಹೆಚ್ಚು. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಇನ್ನೂರಕ್ಕೆ ಒಬ್ಬರು. ಅಮೆರಿಕದ ಪ್ರಯೋಗದಲ್ಲಂತೂ ಗರ್ಭಕೋಶ ಇಲ್ಲದೆ ಬರಿಯ ಈಸ್ಟ್ರೋಜನ್ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯೇ ಆಯಿತು, ಅದರಿಂದ ಸಾಯುವವರೂ ಕಡಿಮೆಯಾದರು. ಈ ಎರಡು ಲೆಕ್ಕಗಳು ಇನ್ನೂ ಪೂರ್ತಿ ಕೂಡಿಕೊಂಡಿಲ್ಲ. ಕ್ಯಾನ್ಸರಿನ ಹೆಚ್ಚಳಕ್ಕೆ ಮುಖ್ಯ ಕಾರಣ ಜೊತೆಗಿರುವ ಪ್ರೊಜೆಸ್ಟರಾನ್ ಬಗೆಯ ಔಷಧಿ, ಮತ್ತು ವರ್ಷ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ ಎಂಬುದರಲ್ಲಿ ಎರಡೂ ಒಪ್ಪುತ್ತವೆ. ಅದಕ್ಕೇ ವರ್ಷಕ್ಕೊಮ್ಮೆ ಇನ್ನೂ ಬೇಕೇ ಎಂದು ವೈದ್ಯರೊಂದಿಗೆ ಕೂತು ನೋಡಬೇಕು.

ಸ್ತನ ಕ್ಯಾನ್ಸರ್ ಬಂದು ಹೋದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಗಡ್ಡೆ ಕಟ್ಟಿದ್ದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಯಕೃತ್ತಿನ ಕಾಯಿಲೆ ಇರುವವರು ಈ ಚಿಕಿತ್ಸೆಯಿಂದ ದೂರ ಇರಬೇಕು. ಮುಟ್ಟು ನಿಂತ ಮೇಲೆ ಕಾರಣ ತಿಳಿಯದೆ ರಕ್ತ ಹೋಗುತ್ತಿದ್ದರೆ ಮೊದಲು ಅದನ್ನು ಪರೀಕ್ಷಿಸಬೇಕು, ಹಾರ್ಮೋನಿನ ಮಾತು ಆಮೇಲೆ. ಇಂಥವರ ಝಳಕ್ಕೆ ಬೇರೆ ಔಷಧಿಗಳಿವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಹೈಪೊಥಲಾಮಸ್‌ನ ಮೇಲೆಯೇ ಕೆಲಸ ಮಾಡುವ ಫೆಜೊಲಿನೆಟಾಂಟ್ ಎಂಬ ಹೊಸ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು, ಅದಕ್ಕೂ ಯಕೃತ್ತಿನ ಬಗ್ಗೆ ಎಚ್ಚರಿಕೆ ಇದೆ.

ಯೋನಿಗೆ ಮಾತ್ರ ಹಚ್ಚುವ ಈಸ್ಟ್ರೋಜನ್ ಕ್ರೀಮು ಇವೆಲ್ಲಕ್ಕಿಂತ ಬೇರೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಒಣಗುವಿಕೆಗೂ ಮೂತ್ರದ ಸೋಂಕಿಗೂ ಗುಣ ಚೆನ್ನಾಗಿದೆ, ವರ್ಷಗಟ್ಟಲೆ ಬಳಸಬಹುದು. ಆದರೂ ಇಪ್ಪತ್ತು ವರ್ಷ ಈ ಕ್ರೀಮಿನ ಪೊಟ್ಟಣದ ಮೇಲೂ ಅಮೆರಿಕದಲ್ಲಿ ಮಾತ್ರೆಯ ಮೇಲಿದ್ದ ಎಚ್ಚರಿಕೆಯೇ ಇತ್ತು. 2025ರ ನವೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆಗುಳಿತನದ ಕುರಿತ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಹಾರ್ಮೋನು ಔಷಧಿಗಳಿಂದ ತೆಗೆಯುವುದಾಗಿ ಪ್ರಕಟಿಸಿತು. ಕ್ರೀಮಿನ ಮಟ್ಟಿಗೆ ಇದು ತಡವಾಗಿ ಬಂದ ನ್ಯಾಯ. ಮಾತ್ರೆಯ ಮಟ್ಟಿಗೆ, ಪೊಟ್ಟಣದ ಮೇಲಿನ ಚೌಕಟ್ಟು ಹೋದರೂ ರಕ್ತದ ಗಡ್ಡೆಯ ಅಪಾಯ ಎಲ್ಲೂ ಹೋಗಿಲ್ಲ.

ಹಾರ್ಮೋನು ನಿಜವಾಗಿ ಅಗತ್ಯವಾಗಿರುವ ಒಂದು ಗುಂಪು ಈ ಇಡೀ ವಾದದ ಹೊರಗೇ ಉಳಿದಿದೆ. ನಲವತ್ತಕ್ಕೆ ಮೊದಲೇ ಮುಟ್ಟು ನಿಂತವರು, ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ ಕಳೆದುಕೊಂಡ ಎಳೆಯ ವಯಸ್ಸಿನವರು ಇವರು. ಐವತ್ತರವರೆಗೂ ಮೈಗೆ ಸಿಗಬೇಕಿದ್ದ ಹಾರ್ಮೋನು ಇವರಿಗೆ ಹತ್ತು ಹದಿನೈದು ವರ್ಷ ಮೊದಲೇ ನಿಂತುಹೋಗುತ್ತದೆ. ಮೂಳೆ ಸವೆತವೂ ಹೃದ್ರೋಗವೂ ಅಷ್ಟೇ ಬೇಗ ಬರುತ್ತವೆ. ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ ಇವರಿಗೆ ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕು ಎಂಬುದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ಅರವತ್ತಮೂರರವರ ಅಂಕಿಅಂಶ ಇವರಿಗೆ ಎಳ್ಳಷ್ಟೂ ಸಂಬಂಧಿಸಿದ್ದಲ್ಲ.

ಎಳೆಯ ವಯಸ್ಸಿನಲ್ಲೇ ಹಾರ್ಮೋನು ನಿಲ್ಲುವುದು ಕರ್ನಾಟಕಕ್ಕೆ ದೂರದ ಮಾತಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 3.2 ಮಂದಿಯ ಗರ್ಭಕೋಶ ಆಗಲೇ ತೆಗೆದಾಗಿತ್ತು, ಪಕ್ಕದ ಆಂಧ್ರಪ್ರದೇಶದಲ್ಲಿ ಶೇಕಡಾ 8.9. ಅದೇ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ನೂರಾರು ಲಂಬಾಣಿ ಹೆಂಗಸರ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದ ಆರೋಪ ಎದ್ದು ತನಿಖೆ ನಡೆಯಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಸಿಕ್ಕ ಪರಿಹಾರ ಅದು. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳ ಮೇಲಿನ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡುವಂತೆ ರಾಜ್ಯಗಳಿಗೆ ಹೇಳಿತು.

ಹಾಗೆ ಗರ್ಭಚೀಲ ತೆಗೆಸಿಕೊಂಡ ಮೂವತ್ತೈದರ ಹೆಂಗಸಿಗೆ ಮುಟ್ಟು ಬರುವುದಿಲ್ಲವಾದ್ದರಿಂದ ಋತುಬಂಧ ಯಾವಾಗ ಆಯಿತೆಂದು ತಿಳಿಯುವ ಗುರುತೇ ಇಲ್ಲ. ಅಂಡಾಶಯ ಉಳಿಸಿದ್ದರೂ ಅದು ಕೆಲವು ವರ್ಷ ಮೊದಲೇ ಸೊರಗಬಹುದು, ತೆಗೆದಿದ್ದರೆ ಆ ದಿನವೇ ಋತುಬಂಧ. ಹೊಲದಲ್ಲಿ ಹತ್ತಿ ಬಿಡಿಸುವಾಗ ಬರುವ ಝಳವನ್ನು ಆಕೆ ಬಿಸಿಲು ಎಂದುಕೊಳ್ಳುತ್ತಾಳೆ, ಸೊಂಟದ ನೋವನ್ನು ದುಡಿಮೆ ಎಂದುಕೊಳ್ಳುತ್ತಾಳೆ. ಚಿಕಿತ್ಸೆ ಬೇಕಾದರೆ ಆಕೆಗೆ ಈಸ್ಟ್ರೋಜನ್ ಒಂದೇ ಸಾಕು, ಅದೂ ಅಪಾಯ ಅತಿ ಕಡಿಮೆ ಇರುವ ವಯಸ್ಸಿನಲ್ಲಿ. ಬೇಕೋ ಬೇಡವೋ ಎಂದು ತಿಳಿಯುವುದಕ್ಕೆ ವೈದ್ಯರು ಮೊದಲು ಕೇಳುವುದು, ಆಪರೇಷನ್ನಿನಲ್ಲಿ ಅಂಡಾಶಯವನ್ನೂ ತೆಗೆದರೇ ಎಂದು. ಅದರ ಉತ್ತರ ಇರುವುದು ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಕಾಗದದ ಒಂದು ಸಾಲಿನಲ್ಲಿ. ಆ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಟ್ರಂಕಿನ ತಳದಲ್ಲಿರುತ್ತದೆ. ಆ ಸಾಲನ್ನು ಆಕೆಗೆ ಕನ್ನಡದಲ್ಲಿ ಓದಿ ಹೇಳಿದವರು ಯಾರೂ ಇಲ್ಲ.