ಆಡಿ ಬೆಳೆದ ವರ್ಷ ವ್ಯರ್ಥವಲ್ಲ

‘ಮಗುವಿನ ಒಂದು ವರ್ಷ ವ್ಯರ್ಥವಾಗುತ್ತದೆ.’ ಒಂದನೇ ತರಗತಿಗೆ ಆರು ವರ್ಷ ತುಂಬಿರಲೇಬೇಕು ಎಂಬ ನಿಯಮದ ವಿರುದ್ಧ ಎದ್ದ ಗದ್ದಲದಲ್ಲಿ ಮತ್ತೆ ಮತ್ತೆ ಕೇಳಿಸಿದ್ದು ಈ ಒಂದೇ ಮಾತು. 2022ರ ಜುಲೈನಲ್ಲಿ ಆದೇಶ ಹೊರಡಿಸಿದ ರಾಜ್ಯ ಸರ್ಕಾರ, ಅದರ ಜಾರಿಯನ್ನು 2025–26ಕ್ಕೆ ಮುಂದೂಡಿತು. ಶಾಲೆಗಳಿಗೆ ಸುಧಾರಿಸಿಕೊಳ್ಳಲು ಬೇಕಾದಷ್ಟು ಕಾಲ ಸಿಕ್ಕಿತ್ತು. ಆದರೂ ಎರಡೂವರೆ ವರ್ಷದ ಕೂಸುಗಳನ್ನು ನರ್ಸರಿಗೆ ತುಂಬಿಕೊಳ್ಳುವುದು ನಿಲ್ಲಲಿಲ್ಲ. ಕೊನೆಗೆ 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ, ಆ ಒಂದು ವರ್ಷದ ಮಟ್ಟಿಗೆ ಎಂದು ಮಿತಿಯನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ಕೂಗಿದವರು ಗೆದ್ದರು. ಸೋತದ್ದು ಬಾಯಿಲ್ಲದ ಮಗು.

ಏನು ವ್ಯರ್ಥವಾಗುತ್ತಿತ್ತು? ಮಗುವಿನ ಮಣಿಕಟ್ಟನ್ನು ಕೇಳಿ, ಅದು ಹೇಳುತ್ತದೆ. ಹುಟ್ಟುವಾಗ ಅಲ್ಲಿರುವುದು ಬರೀ ಮೃದ್ವಸ್ಥಿ. ಎಂಟು ಪುಟ್ಟ ಮೂಳೆಗಳು ಒಂದರ ಹಿಂದೆ ಒಂದರಂತೆ ವರ್ಷಗಟ್ಟಲೆ ರೂಪುಗೊಳ್ಳುತ್ತವೆ. ಹೆಬ್ಬೆರಳಿನ ಬುಡದ ಮೂಳೆಗಳು ಗಟ್ಟಿಯಾಗತೊಡಗುವುದೇ ನಾಲ್ಕರಿಂದ ಆರು ವರ್ಷದ ನಡುವೆ. ಎಂಟನೆಯದು ಸಾಮಾನ್ಯವಾಗಿ ಎಂಟು ವರ್ಷ ದಾಟುವವರೆಗೆ ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಅಂಥ ಕೈಗೆ ಮೂರು ತುಂಬುವ ಮೊದಲೇ ಪೆನ್ಸಿಲ್ ತುರುಕುತ್ತೇವೆ!

ಯಾವುದಾದರೂ ಎಲ್‌ಕೆಜಿ ಮಗುವಿನ ಕಾಪಿ ಪುಸ್ತಕ ಬಿಡಿಸಿ ನೋಡಿ. ಮೇಲಿನ ಸಾಲಿನಲ್ಲಿ ಮಿಸ್ ಬರೆದ ‘ಈ’. ಅದರ ಕೆಳಗೆ ಮಗುವಿನದು. ಮೂರನೇ ಸಾಲಿಗೆ ಅಕ್ಷರ ಗೆರೆ ಬಿಟ್ಟು ಇಳಿದಿರುತ್ತದೆ, ಐದನೇ ಸಾಲಿನಲ್ಲಿ ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತಾಗಿರುತ್ತದೆ. ಹಾಳೆಯ ಹಿಂಬದಿ ಸವರಿದರೆ ಪೆನ್ಸಿಲ್ ಒತ್ತಿದ ಉಬ್ಬು ಬೆರಳಿಗೆ ತಾಗುತ್ತದೆ. ಬೆರಳಲ್ಲಿ ಬಲವಿಲ್ಲದೆ, ಮುಷ್ಟಿ ಕಟ್ಟಿ, ಭುಜದ ಬಲದಿಂದ ಬರೆದ ಅಕ್ಷರ ಅದು. ಕೆಳಗೆ ಕೆಂಪು ಶಾಯಿಯಲ್ಲಿ, ‘ನೀಟಾಗಿ ಬರೆಸಿ’.

ನಮ್ಮ ಹಿರಿಯರು ಅಕ್ಷರಾಭ್ಯಾಸಕ್ಕೆ ಹರಡಿದ್ದು ಅಕ್ಕಿ, ತಿದ್ದಿಸಿದ್ದು ಬೆರಳಿನಿಂದ. ಅಜ್ಜಿಯ ಪಕ್ಕ ಕೂತು ನೆನೆದ ಅವರೆಕಾಳು ಹಿದುಕುವ ಮಗು, ಪೆನ್ಸಿಲ್ ಹಿಡಿಯಲು ಬೇಕಾದ ಬೆರಳಿನ ಶಕ್ತಿಯನ್ನು ಅಲ್ಲೇ ಗಳಿಸುತ್ತದೆ. ಅಜ್ಜಿ ಹೇಳುವ ಕಥೆಗೆ ‘ಆಮೇಲೆ?’ ಎನ್ನುತ್ತಾ, ‘ಕಪ್ಪೆ’ಯ ಮೊದಲ ಸದ್ದು ‘ಕಮಲ’ದಲ್ಲೂ ಇದೆ ಎಂದು ಕಿವಿಯಿಂದ ಪತ್ತೆ ಹಚ್ಚುವ ಮಗು ಓದಲು ಶುರುಮಾಡಿಯೇ ಬಿಟ್ಟಿದೆ. ಓದು ಕಿವಿಯಿಂದ, ಬಾಯಿಂದ ಬರುತ್ತದೆ, ಕಾಪಿ ಬರೆಸುವುದರಿಂದಲ್ಲ. ಫಿನ್ಲೆಂಡ್‌ನಲ್ಲಿ ಮಕ್ಕಳು ಒಂದನೇ ತರಗತಿಗೆ ಹೋಗುವುದು ಏಳನೇ ವಯಸ್ಸಿಗೆ. ಆ ದೇಶವೇನು ಅನಕ್ಷರಸ್ಥವಾಗಿದೆಯೇ?

ಆರು ವರ್ಷದೊಳಗೆ ಮಿದುಳಿನ ಶೇ 85ಕ್ಕಿಂತ ಹೆಚ್ಚು ಬೆಳವಣಿಗೆ ಆಗಿಬಿಡುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಬೇಗ ಕಲಿಸಿ ಎನ್ನುವವರಿಗೆ ಈ ಅಂಕಿ ಬಲು ಪ್ರಿಯ. ಆ ನೀತಿಯೇ ಆಟದ ಮೂಲಕ ಕಲಿಸಿ, ಒಂದನೇ ತರಗತಿಗೆ ಆರು ತುಂಬಲಿ ಎಂದು ಹೇಳಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಬೆಳೆಯುವ ಮಿದುಳಿಗೆ ಮೊಟ್ಟೆ ಬೇಕು, ನಿದ್ದೆ ಬೇಕು, ಮಾತಾಡುವ ಜನ ಬೇಕು. ಟೆಸ್ಟು, ರ‍್ಯಾಂಕು ಬೇಡ.

ಇದನ್ನೆಲ್ಲ ಕೊಡಲೆಂದೇ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಟಿ. ನರಸೀಪುರದಿಂದ ಶುರುವಾದ ಯೋಜನೆ ಅದು. ಅಲ್ಲಿನ ಕಾರ್ಯಕರ್ತೆಗೆ ನಾವು ಕೊಟ್ಟಿರುವುದೇನು? ಸಮೀಕ್ಷೆ, ಚುನಾವಣೆ ಕೆಲಸ, ಮೊಬೈಲ್ ಆ್ಯಪ್‌ಗೆ ದಿನದಿನದ ಮಾಹಿತಿ, ಸಂಬಳದ ಬದಲು ಗೌರವಧನ. ಕಥೆ ಹೇಳಬೇಕಾದವಳು ಫಾರಂ ತುಂಬುತ್ತಾ ಕೂತಿದ್ದಾಳೆ. ಅದನ್ನು ನೋಡಿ ಕೂಲಿ ಮಾಡುವ ತಾಯಿಯೂ ಸಾಲ ಮಾಡಿ ಕಾನ್ವೆಂಟಿನ ವ್ಯಾನಿಗೆ ಮಗುವನ್ನು ಹತ್ತಿಸುತ್ತಾಳೆ. ಅವಳನ್ನು ದೂರುವ ಹಕ್ಕು ನಮಗಿಲ್ಲ. ಅಂಗನವಾಡಿಯನ್ನು ಈ ಸ್ಥಿತಿಗೆ ತಂದ ಸರ್ಕಾರಗಳನ್ನು ದೂರಬೇಕು.

ಆದ್ದರಿಂದ ಸರ್ಕಾರ ಇನ್ನೊಮ್ಮೆ ಆರು ವರ್ಷದ ಮಿತಿಯನ್ನು ಒಂದು ದಿನವೂ ಸಡಿಲಿಸಬಾರದು. ಆರು ತುಂಬದ ಮಗುವಿಗೆ ಬರೆಯುವ ಹೋಂವರ್ಕ್ ಕೊಟ್ಟ ಶಾಲೆಗೆ ನೋಟಿಸ್ ಹೋಗಬೇಕು. ಎರಡೂವರೆ ವರ್ಷಕ್ಕೇ ಸೇರಿಸಿಕೊಂಡು ಶುಲ್ಕ ಎಣಿಸಿದ ಶಾಲೆ, ವಯಸ್ಸು ಸಾಲದ ಆ ಮಗುವನ್ನು ಇನ್ನೊಂದು ವರ್ಷ ತನ್ನ ಖರ್ಚಿನಲ್ಲೇ ಆಡಿಸಲಿ.