ಸಂಪಾದಕರ ಮಾತು: ಆಳಿದವರ ನುಡಿ

ಚೀನಾವನ್ನು 1644ರಿಂದ 1912ರವರೆಗೆ ಆಳಿದವರು ಮಂಚೂ ಜನ. ಆ ಅರಸರಿಗೆ ತಮ್ಮ ನುಡಿಯ ಮೇಲೆ ಅಭಿಮಾನ ಕಡಿಮೆ ಇರಲಿಲ್ಲ. ಆ ವಂಶದ ಮೂಲಪುರುಷ ನುರ್ಹಾಚಿ 1599ರಲ್ಲೇ ಮಂಗೋಲ ಅಕ್ಷರಗಳಿಂದ ಮಂಚೂ ಬರಹವನ್ನು ಕಟ್ಟಿಸಿದ. ಕಾಂಗ್‌ಶೀ ದೊರೆಯ ಕಾಲದಲ್ಲಿ, 1708ರಲ್ಲಿ, ದೊಡ್ಡ ನಿಘಂಟು ಸಿದ್ಧವಾಯಿತು. ರಷ್ಯದೊಡನೆ 1689ರಲ್ಲಿ ಆದ ನೆರ್ಚಿನ್ಸ್ಕ್ ಒಪ್ಪಂದವನ್ನು ಮಂಚೂವಿನಲ್ಲೂ ಬರೆದರು. ಮುಂದೆ ಚಿಯೆನ್‌ಲುಂಗ್ ದೊರೆ, ತನ್ನವರೇ ತಾಯಿನುಡಿ ಮರೆಯುತ್ತಿದ್ದಾರೆಂದು ಮತ್ತೆ ಮತ್ತೆ ಗದರಿದ. ಗದರಿದರೆ ನುಡಿ ಉಳಿದೀತೇ? ಪಟ್ಟಣದ ದಂಡಿನ ಕೇರಿಗಳಲ್ಲಿ ಸರಕಾರಿ ಸಂಬಳದ ಮೇಲೆ ಬದುಕಿದ ಮಂಚೂ ಮನೆಗಳಿಗೆ ಸಂತೆ, ನೆರೆಹೊರೆ, ನಾಟಕ ಎಲ್ಲಕ್ಕೂ ಚೀನೀ ಭಾಷೆಯೇ ಬೇಕಾಯಿತು. 2010ರ ಜನಗಣತಿಯಲ್ಲಿ ಮಂಚೂ ಎಂದು ಬರೆಸಿದವರು ಒಂದು ಕೋಟಿಗೂ ಹೆಚ್ಚು. ಆ ನುಡಿಯನ್ನು ಹುಟ್ಟಿನಿಂದ ಆಡಿದವರು ಮಾತ್ರ ಸಾಂಜಿಯಾಜಿಯಂಥ ಹಳ್ಳಿಯ ಬೆರಳೆಣಿಕೆಯ ಹಿರಿಯರು.

ಅದೇ ನುಡಿಯ ಒಡಹುಟ್ಟು ಬದುಕಿರುವುದು ದೂರದ ಗಡಿಯಲ್ಲಿ. 1764ರಲ್ಲಿ ಸುಮಾರು ಸಾವಿರ ಮಂದಿ ಶೀಬೆ ಸೈನಿಕರನ್ನು ಹೆಂಡಿರು ಮಕ್ಕಳೊಂದಿಗೆ ಪಶ್ಚಿಮದ ಇಲಿ ಕಣಿವೆಗೆ ಕಾವಲಿಗೆ ಕಳಿಸಿದರು. ಅಲ್ಲಿ ಕಾಲುವೆ ತೋಡಿ ಬೇಸಾಯಕ್ಕೆ ನಿಂತ ಅವರು ಮನೆಯಲ್ಲೂ ಹೊಲದಲ್ಲೂ ತಮ್ಮ ಮಾತನ್ನೇ ಆಡಿದರು. ಬೀಜಿಂಗಿನ ಭಂಡಾರದ ಮಂಚೂ ಕಾಗದಗಳನ್ನು ಓದಲು ಮುಂದೆ ಇವರ ಮಕ್ಕಳನ್ನೇ ಕರೆಯಬೇಕಾಯಿತು.

ಸತ್ತಿ, ಅಥಣಿ, ಚಿಕ್ಕೋಡಿ ಸೀಮೆಯವರಿಗೆ ಇದು ಪರರ ಕಥೆ ಎನಿಸಬಾರದು. ಪೇಶ್ವೆಯರ ಕಾಲದಿಂದ ನಮ್ಮ ಭಾಗದ ದಫ್ತರ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯಿತು. ಇಂಗ್ಲಿಷರು ಬಂದ ಮೇಲೂ ಶಾಲೆಗಳಲ್ಲಿ ಮರಾಠಿಯೇ ಇತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅಲ್ಲಿಯವರೆಗೆ ಕನ್ನಡವನ್ನು ಕಾಯ್ದವರು ಯಾರು? ರಂಟಿ ಹೊಡೆಯುವವರು, ಬೀಸುಕಲ್ಲಿನ ಮುಂದೆ ಕೂತ ಅವ್ವಂದಿರು, ಮಠದಲ್ಲಿ ವಚನ ಓದಿಸಿದ ಸ್ವಾಮಿಗಳು, ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ ಆಡಿದ ಕುಲಗೋಡ ತಮ್ಮಣ್ಣನ ಪರಂಪರೆಯವರು. ಕಚೇರಿಯಲ್ಲಿ ಜಾಗವಿಲ್ಲದ ಮಾತು ಇವರ ಕೆಲಸದಲ್ಲಿ ಉಳಿಯಿತು.

ಈಗ ಕಚೇರಿ ನಮ್ಮದು. ರಾಜ್ಯದ 1963ರ ರಾಜಭಾಷಾ ಕಾಯಿದೆಯೂ ನಮ್ಮ ಕೈಯಲ್ಲಿದೆ. ನನಗೆ ಅಂಜಿಕೆ ಇರುವುದು ಇಲ್ಲಿಯೇ. ಮರಾಠಿಯ ಬಗ್ಗೆ ನನಗೆ ಹಗೆ ಇಲ್ಲ. ಎರಡೂ ಮಾತು ಬಲ್ಲ ಮನೆಗಳು ಈ ಸೀಮೆಯ ಸಂಪತ್ತು. ಆದರೆ ಹೊಲದ ಲೆಕ್ಕ, ಔಷಧದ ಚೀಟಿ, ಮಕ್ಕಳ ವಿಜ್ಞಾನ ಪಾಠ ಒಂದೊಂದಾಗಿ ಇಂಗ್ಲಿಷಿಗೆ ಹೋಗುತ್ತಿರುವಾಗ, ನವೆಂಬರಿನ ಧ್ವಜವೊಂದೇ ಸಾಕೆಂದು ನಾವು ಕೂತಿದ್ದೇವೆ. ಜತ್ತ, ಅಕ್ಕಲಕೋಟೆಗಳಲ್ಲಿ ಮಹಾರಾಷ್ಟ್ರದ ಆಡಳಿತದ ನಡುವೆಯೂ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ತಾಯಿತಂದೆಯರ ಗಟ್ಟಿತನ ಗಡಿಯ ಈಚೆಗಿರುವ ನಮ್ಮಲ್ಲಿ ಎಷ್ಟಿದೆ?

ಮುಂದಿನ ಸಂಚಿಕೆಗೆ ಕವಿತೆಗಳ ಜೊತೆ ಬೇರೆ ಬರಹಗಳೂ ಬೇಕು. ಕಬ್ಬಿನ ನಾಟಿಯಿಂದ ರವದಿ ಸುಡುವವರೆಗಿನ ಕೆಲಸ, ಎರಿ ಹೊಲದ ಹದ, ಕೃಷ್ಣೆ ಉಕ್ಕಿದಾಗ ದನಕರು ಸಾಗಿಸಿದ ಬಗೆ, ಸೊಸೈಟಿಯ ಸಾಲದ ಲೆಕ್ಕ — ಇವನ್ನು ನೀವು ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆದು ಕಳಿಸಿರಿ. ಬರೆಯಲು ಬಾರದ ಹಿರಿಯರಿದ್ದರೆ ಅವರು ಹೇಳಿದ್ದನ್ನು ಮೊಮ್ಮಕ್ಕಳು ಬರೆದುಕೊಳ್ಳಲಿ. ತಿದ್ದದೆ ಅಚ್ಚು ಹಾಕುತ್ತೇವೆ.